ಮಹಾಪ್ರಾಣ

ಬ್ರೂಸ್‌ಪೇಟೆಯ ನಮ್ಮ ಅಚ್ಚುಕೂಟದಲ್ಲಿ
ಫ ಮೊಳೆ ಎರಡೇ ಇದ್ದವು.
ಒಂದರ ಮುಖ ಮುಕ್ಕಾಗಿತ್ತು, ಇನ್ನೊಂದು
ಕಂದಾಯ ರಸೀದಿಯ ‘ಫಸಲಿ’ಯಲ್ಲಿ
ಬಿಚ್ಚದ ಚೌಕಟ್ಟಿನೊಳಗೆ ಕಾಯಂ ಸೆರೆ.

ಮೂವತ್ತೈದನೆಯ ಇಸವಿ, ಕಾರ್ತಿಕದ ಚಳಿ.
ವಕೀಲ ವೆಂಕೋಬರಾಯರು ವಾರಪತ್ರಿಕೆಗೆಂದು
ಮದರಾಸಿನ ಪೇಪರಿನಿಂದ ಕನ್ನಡಿಸಿ ತಂದರು:
ದೂರದ ದ್ವೀಪಗಳಿಗೆ ಹತ್ತು ವರ್ಷದ ವಾಯಿದೆ,
ಆಮೇಲೆ ಸ್ವಾತಂತ್ರ್ಯ.

ಹುಲಿಗೆಪ್ಪ ಜೋಡಿಸಿದ: ಪಿಲಿಪೈನ್ಸ್.
ರಾಯರ ಕೆಂಪು ಸೀಸ ಗೀಚಿತು: ಹೊಟ್ಟೆ ಸೀಳಿಲ್ಲ.
‘ಮಹಾಪ್ರಾಣ ಈಗಲೇ ಯಾಕ್ರೀ ರಾಯರೇ?
ಇನ್ನಾ ಹತ್ತು ವರ್ಷ ಐತಲ್ಲ.
ಉಸಿರು ಬರ್ಲಿ, ಹಾಕಾನ.’

ನಾನು, ಖಾಜಾ, ಮೊಳೆ ಹಂಚುವ ಹುಡುಗ.
ತಿರುಗುಮುರುಗು ಅಕ್ಷರವನ್ನೇ ಮೊದಲು ಕಲಿತವನು,
ನೆಟ್ಟಗಿನದು ನನಗೆ ಇವತ್ತಿಗೂ ಅನುಮಾನ.

ಚಹಾದ ಹೊತ್ತಿಗೆ ರಾಯರು ಬಿಡಿಸಿ ಹೇಳಿದರು.
ಅಲ್ಲಿ ಒಬ್ಬ ನಾಯಕ ಹಡಗು ಹತ್ತಿ ಹೋಗಿ
ಬಿಡುಗಡೆಯ ಕಾಯಿದೆ ಒಂದನ್ನು ತಂದನಂತೆ.
ಇದು ಬೇಡವೆಂದು ಇನ್ನೊಬ್ಬ ಸಭೆಯಲ್ಲಿ ಬೀಳಿಸಿ
ತಾನೇ ಹಡಗು ಹತ್ತಿ
ಹೆಚ್ಚುಕಡಿಮೆ ಅದನ್ನೇ ತಂದನಂತೆ.
ಹಾರ ಎರಡನೆಯವನಿಗೆ.
‘ಬಳ್ಳಾರಿ ಮುನ್ಸಿಪಾಲ್ಟಿ ಅಲ್ಲೂ ಐತೇನ್ರೀ?’

ಸಕ್ಕರೆಯ ಮಾತೂ ಬಂತು. ಆಳುವ ದೇಶದಲ್ಲಿ
ಗಡ್ಡೆಯಿಂದ ಸಕ್ಕರೆ ತೆಗೆಯುವ ಒಕ್ಕಲಿಗರಿಗೆ
ಈ ದ್ವೀಪದ ಕಬ್ಬು ಸುಂಕವಿಲ್ಲದೆ ಬರುವುದು ಕಣ್ಣುರಿ.
ಹೊರಗಿನವರಾದರೆ ಸುಂಕ ಹೇರಬಹುದು.
ಹುಲಿಗೆಪ್ಪ ಲೋಟದ ತಳ ನೋಡಿದ.
‘ಅಂದ್ರೆ, ತಮ್ಮ ಚಹಾ ತಮಗೆ ಸಿಹಿ ಆಗ್ಲಿ ಅಂತ
ಬಿಟ್ಟು ಕೊಟ್ರು.’

ಯುದ್ಧ ಬಂತು. ಕಾಗದ ಸಿಗದಾಯಿತು, ಸೀಸ ಸಿಗದಾಯಿತು.
ಸವೆದ ಮೊಳೆಯಲ್ಲಿ ಸತ್ತವರ ಲೆಕ್ಕ ಅಚ್ಚು ಮಾಡಿದೆವು,
ಸೊನ್ನೆಗಳು ಮೊದಲು ಮುಗಿದವು.

ನಲವತ್ತಾರರ ಜುಲೈ ನಾಲ್ಕು.
ಮುರಿದ ಮನಿಲಾದಲ್ಲಿ ಒಂದು ಬಾವುಟ ಇಳಿಯಿತು, ಒಂದು ಏರಿತು.
ಅದು ಕೊಟ್ಟವರದ್ದೇ ಹಬ್ಬದ ದಿನ, ಎಂದರು ರಾಯರು.
ಹುಲಿಗೆಪ್ಪನ ಕೈ ಪೆಟ್ಟಿಗೆಯ ಮೇಲೆ ನಿಂತಿತು.
‘ಗೌಡರ ಮನೆ ಹೋಳಿಗೆ ಮಿಕ್ಕಿದ್ದು
ಆಳಿಗೆ ಕಟ್ಟಿಕೊಟ್ಟಂಗಾತು.’
ಮತ್ತೆ ಪಿ ಎಂದೇ ಜೋಡಿಸಿದ.
ಈ ಸಲ ರಾಯರೂ ತಿದ್ದಲಿಲ್ಲ.

ಮರುವರ್ಷ ನಮ್ಮದು.
ಇದ್ದುದರಲ್ಲೇ ದೊಡ್ಡ ಮೊಳೆ ತೆಗೆದು ಸ್ವಾತಂತ್ರ್ಯ ಜೋಡಿಸುತ್ತ
‘ಎಷ್ಟು ಒತ್ತು ಮಾರಾಯ ಈ ಮಾತಿಗೆ!’ ಎಂದ,
ನಕ್ಕನೋ ನಿಟ್ಟುಸಿರಿಟ್ಟನೋ, ತಿಳಿಯಲಿಲ್ಲ.
ಹತ್ತು ಪ್ರತಿ ಬಗಲಲ್ಲಿಟ್ಟು ಕಂಪ್ಲಿಗೆ ಹೊರಟ,
ನಾನೂ ಹಿಂದೆ.
ಹೊಳೆಯಾಚೆ ಚಿಕ್ಕಜಂತಕಲ್ಲಿನಲ್ಲಿ ತಂಗಿ ದುರುಗವ್ವ,
ಆಚೆ ದಂಡೆ ಇನ್ನೂ ನಿಜಾಮನದು.
ಹರಿಗೋಲು ಸುತ್ತುತ್ತ ಸಾಗುತ್ತದೆ,
ಒಮ್ಮೆ ಬಿಡುಗಡೆಯಾದ ದಂಡೆ ಎದುರು, ಒಮ್ಮೆ ಆಗದ್ದು.
ನಡುನೀರಿನಲ್ಲಿ ಕೇಳಿದ: ‘ಖಾಜಾ, ಈಗ ನಾವು ಯಾರವರೋ?’
ಕರೋಡಗಿರಿ ನಾಕಾದವನು ಪ್ರತಿಗಳನ್ನು ಕಸಿದುಕೊಂಡ,
ಬೆಲ್ಲದ ಅಚ್ಚೊಂದನ್ನು ಬಿಟ್ಟ.
ದುರುಗವ್ವ ಇನ್ನೂ ಹದಿಮೂರು ತಿಂಗಳು ಕಾದಳು.

ಅರವತ್ತೆರಡು.
ಅಚ್ಚುಕೂಟದ ವಿಳಾಸದಲ್ಲಿ ಮದರಾಸು ಹೋಗಿ ಮೈಸೂರು ಬಂದಿತ್ತು.
ರಾಯರಿರಲಿಲ್ಲ. ಹುಲಿಗೆಪ್ಪನ ಎರಡೂ ಕಣ್ಣಿಗೆ ಪೊರೆ,
ದಿನಾ ನಾನೇ ಪೇಪರು ಓದಿ ಹೇಳುತ್ತಿದ್ದೆ.
ಆ ದ್ವೀಪದವರು ಹಬ್ಬದ ದಿನ ಬದಲಿಸಿದರಂತೆ, ಅಣ್ಣಾ.
ಜುಲೈ ಬೇಡ, ಜೂನ್ ಹನ್ನೆರಡು.
ಅರವತ್ತನಾಲ್ಕು ವರ್ಷದ ಹಿಂದೆ
ಯಾರೂ ಕೊಡುವ ಮೊದಲು
ತಾವೇ ಸಾರಿಕೊಂಡಿದ್ದ ದಿನ.

‘ಪ್ರೂಫು ನೋಡಿದ್ರು ನೋಡು,’ ಎಂದ. ‘ತಡ ಆತು. ಆಗ್ಲಿ.’
ಗೋಡೆ ಹಿಡಿದು ಎದ್ದ.
ಕಂದಾಯದ ಚೌಕಟ್ಟು ಸಡಿಲಿಸಿ
ಬೆರಳಲ್ಲೇ ಹುಡುಕಿ ಒಂದು ಮೊಳೆ ಕಿತ್ತ,
ಹೊಟ್ಟೆಯ ಸೀಳನ್ನು ಉಗುರಿನಿಂದ ತಡವಿ
ನನ್ನ ಅಂಗೈಯಲ್ಲಿಟ್ಟ. ತಣ್ಣಗಿತ್ತು.
‘ಈಗ ಹಾಕು.’

ಹಾಕಿದೆ.
ಆ ವಾರ ತಾಲೂಕಿಗೆ ಹೋದ ರಸೀದಿಗಳಲ್ಲಿ
ಬರಿ ‘ಸಲಿ’ ಎಂದಿತ್ತು.
ಯಾರೂ ತಕರಾರು ಮಾಡಲಿಲ್ಲ.